ಹೆಬ್ಬೆಟ್ಟು

ಡಬ್ಬಿಯ ಮೇಲೊಂದು ಹೊಳೆವ ಕೆನ್ನೆ.
ಒಳಗೆ ಗ್ಲೈಸಿನ್, ಪ್ರೋಲಿನ್, ಲೈಸಿನ್,
ಅನಾನಸ್ಸಿನ ಪರಿಮಳ. ಒಂದು ಸಾವಿರದ ನಾನೂರ ತೊಂಬತ್ತು.
ಕಣ್ಣಿಗೆ ಬೀಳುವ ಹಾಗಿಡಿ ಅಂತ
ಕಂಪನಿಯ ಹುಡುಗ ಹೇಳಿಹೋಗಿದ್ದ. ಇಟ್ಟಿದ್ದೆ.

ಕಣ್ಣಿಗೆ ಬಿತ್ತು ಜವರಮ್ಮನಿಗೆ.
ಕಂದಲಿಯವಳು. ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಆಲೂಗೆಡ್ಡೆ ಆರಿಸುತ್ತಾಳೆ:
ದಪ್ಪ, ನಡು, ಗೋಲಿ, ಕೊಳೆತದ್ದು.
ನೋಡಿಯಲ್ಲ, ಸವರಿ.
ಇಪ್ಪತ್ತೆರಡು ವರ್ಷ ಸವರಿ ಸವರಿ
ಮಣ್ಣು ಅವಳ ಬೆರಳನ್ನೂ ಸವರಿಬಿಟ್ಟಿದೆ.

'ಚರ್ಮ ಹೊಸ್ದಾಯ್ತದೆ ಅಂತ ಬರ್ದೈತಲ್ಲ ಸಾ,
ಇದ್ ಕುಡುದ್ರೆ ಹೆಬ್ಬೆಟ್ಟು ವಾಪಸ್ ಬತ್ತದಾ?'

ಕೌಂಟರಿನ ಮೇಲೆ ಹೆಬ್ಬೆರಳಿಟ್ಟಳು,
ಚಿಲ್ಲರೆ ಇಟ್ಟ ಹಾಗೆ.
ಗೆರೆಯಿಲ್ಲ, ಸುಳಿಯಿಲ್ಲ, ಶಂಖ ಚಕ್ರ ಯಾವುದೂ ಇಲ್ಲ.
ನ್ಯಾಯಬೆಲೆ ಅಂಗಡಿಯ ಯಂತ್ರ ಮೂರು ತಿಂಗಳಿಂದ
ನೀನು ನೀನಲ್ಲ ಅನ್ನುತ್ತಿದೆ.
ಸಾಕ್ಷರತೆಯವರು ಬಂದಾಗ, ಲಾಟೀನಿನ ಬೆಳಕಲ್ಲಿ
ಜ ವ ರ ಮ್ಮ ತಿದ್ದಿದ್ದಳಂತೆ,
ಹೆಬ್ಬೆಟ್ಟು ಅನ್ನಿಸಿಕೊಳ್ಳಬಾರದು ಅಂತ.
ಈಗ ಸಹಿ ಇದೆ. ಕೇಳುವವರಿಲ್ಲ.

ನಾಳೆ ಹೇಳ್ತೀನಿ ಅಂದೆ.
ಡಿ.ಫಾರ್ಮ ಓದಿ ಹತ್ತೊಂಬತ್ತು ವರ್ಷ,
ಗಿರಾಕಿಗೆ ಹಾಗೆಂದದ್ದು ಅದೇ ಮೊದಲು.

ರಾತ್ರಿ ಷಟರು ಅರ್ಧ ಎಳೆದು ಓದುತ್ತ ಕೂತೆ.
ಒಂದು ಪ್ರಬಂಧದಲ್ಲಿ ಐವತ್ತಾರು ಹೆಂಗಸರು, ಹನ್ನೆರಡು ವಾರ.
ಕೆನ್ನೆಗೆ ಪುಟ್ಟ ಕೊಳವೆ ಒತ್ತಿ, ಹೀರಿ, ಬಿಟ್ಟು,
ಚರ್ಮ ಎಷ್ಟು ಬೇಗ ಮನೆಗೆ ಮರಳುತ್ತದೆಂದು ಅಳೆದಿದ್ದಾರೆ.
ಪುಡಿ ಕುಡಿದವರಿಗೆ ತುಸು ಮೇಲು.
ಬರೀ ಹಿಟ್ಟು ಕುಡಿದವರಿಗೂ
ಆ ತುಸುವಿನಲ್ಲಿ ತುಸು.
ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರ:
ಖರ್ಚು ಕೊಟ್ಟವರು ಪುಡಿ ಮಾರುವವರೇ.
ಸುಳ್ಳು ಅನ್ನಲಾರೆ. ನಿಜ ಅನ್ನಲು ಬಾಯಿ ಬಾರದು.

ಹೊಟ್ಟೆಗಿಳಿದ ಪ್ರೋಲಿನ್ನಿನ ಕೈಗೆ
ಕೆನ್ನೆಯ ವಿಳಾಸ ಬರೆದುಕೊಟ್ಟವರು ಯಾರು?
ಅದು ಯಕೃತ್ತಿನಲ್ಲಿ ಉಳಿದೀತು, ಮಂಡಿಯಲ್ಲಿ, ಉಗುರಿನಲ್ಲಿ,
ಚನ್ನರಾಯಪಟ್ಟಣಕ್ಕೆ ಟಿಕೆಟ್ ತಗೊಂಡು
ಶಾಂತಿಗ್ರಾಮದಲ್ಲೇ ಇಳಿದುಬಿಡುವವರ ಹಾಗೆ.
ಮೊಟ್ಟೆಯಲ್ಲೂ ಇವೇ ಇವೆ, ಹುರುಳಿಯಲ್ಲೂ.
ಹುರುಳಿ ಚೀಲಕ್ಕೆ ಯಾರೂ ಕೆನ್ನೆ ಅಂಟಿಸಿಲ್ಲ, ಅಷ್ಟೆ.

ಮತ್ತೆ, ಆ ಐವತ್ತಾರರಲ್ಲಿ
ಆಲೂಗೆಡ್ಡೆ ಆರಿಸುವವಳು ಒಬ್ಬಳೂ ಇರಲಿಲ್ಲ.
ಹೆಬ್ಬೆರಳನ್ನು ಯಾರೂ ಅಳೆದಿಲ್ಲ.

ಬೆಳಿಗ್ಗೆ ಬಂದಳು. ಸೆರಗಿನ ತುದಿಯಲ್ಲಿ ಗಂಟು,
ಗಂಟಿನಲ್ಲಿ ಐದು ದಿನದ ಕೂಲಿ.
ಬಿಚ್ಚಬೇಡ ಅಂದೆ.
ತೊಂಬತ್ತು ರೂಪಾಯಿಯ ಯೂರಿಯಾ ಮುಲಾಮು ಕೊಟ್ಟೆ.
'ಯೂರಿಯಾನಾ? ಗದ್ದೆಗಾಕದಾ?' ನಕ್ಕಳು.
'ಅದೇ. ರಾತ್ರಿ ಹಚ್ಕೊಂಡು ಬಟ್ಟೆ ಸುತ್ತಿ ಮಲಗು.'
ಅದಕ್ಕೇನು ಪುರಾವೆ ಎಂದು ಅವಳು ಕೇಳಲಿಲ್ಲ.
ತೇವಕ್ಕೆ ಇದೆ.
ಗೆರೆಗೆ?

ದಸರೆ ಕಳೆದು ಆವಕ ನಿಂತಿತು. ಯಾರ್ಡು ಬಣಬಣ.
ಇಪ್ಪತ್ತು ದಿನ ಕೂಲಿಯಿಲ್ಲ.
ಇಪ್ಪತ್ತೊಂದನೆಯ ದಿನ ಅಕ್ಕಿಚೀಲ ಸೊಂಟಕ್ಕಿಟ್ಟು
ರಸ್ತೆಯಾಚೆಯಿಂದಲೇ ಕೂಗಿದಳು:
'ತಗಂತು ಸಾ! ನಾಕ್ನೇ ಸಲಕ್ಕೆ!'

ಮುಲಾಮೋ, ಬಿಡುವೋ, ಯಂತ್ರದ ಗಾಜು ಒರೆಸಿದ್ದರೋ,
ಬರೀ ನಾಲ್ಕನೇ ಸಲವೋ.
ಹೋಲಿಸಿ ನೋಡಲು ಇನ್ನೊಬ್ಬ ಜವರಮ್ಮ ಇರಲಿಲ್ಲ.
ದುಡಿಯದಿದ್ದಾಗಷ್ಟೇ ಅವಳು ಅವಳೆಂದು
ಸರ್ಕಾರಕ್ಕೆ ಗೊತ್ತಾಗುತ್ತದೆಯೋ ಏನೋ;
ಇದನ್ನು ಅಳೆಯುವ ಕೊಳವೆ ಯಾವ ಅಂಗಡಿಯಲ್ಲಿದೆ?

ಚೀಲ ಇಳಿಸಿ, ಡಬ್ಬಿಯ ಕಡೆ ಗದ್ದ ಎತ್ತಿದಳು.
'ಆ ಕೆನ್ನೆಯವ್ಳು ದಿಟವಾಗ್ಲೂ ಇದ್ನೇ ಕುಡಿತಾಳಾ ಸಾ?'

ಗೊತ್ತಿಲ್ಲ ಅಂದೆ.
ಈಚೆಗೆ ಅದೊಂದು ಮಾತು
ನನಗೆ ಸಲೀಸಾಗಿ ಬರುತ್ತದೆ.